ಸಬ್‌ವೂಫರ್ ಸದ್ದಡಗಿತೇ? ಮೊದಲು ಅರ್ತ್ ವೈರ್ ನೋಡಿ

ಕಾರಿನ ಸಬ್‌ವೂಫರ್ (ಬೇಸ್ ಸದ್ದು ಹೊರಡಿಸುವ ದೊಡ್ಡ ಸ್ಪೀಕರ್) ಸುಮ್ಮನಾದರೆ ‘ಸ್ಪೀಕರ್ ಸುಟ್ಟುಹೋಯಿತು’ ಎಂದು ಹೊಸದನ್ನು ಕೊಳ್ಳಲು ಓಡಬೇಡಿ. ನಾನು ಬಿಚ್ಚಿ ನೋಡಿದ ಕಾರುಗಳಲ್ಲಿ ಹೆಚ್ಚಿನ ಸಲ ತಪ್ಪು ಇದ್ದದ್ದು ವೈರಿಂಗ್‌ನಲ್ಲಿ. ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ನೀವೇ ಹುಡುಕಬಹುದು.

ಡಿಕ್ಕಿ ತೆರೆದು ಸಬ್‌ವೂಫರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್ (ಆಂಪ್) ನೋಡಿ. ದೀಪವೇ ಹತ್ತಿಲ್ಲವೇ? ಮೀಟರಿನ ಕಪ್ಪು ಕಡ್ಡಿಯನ್ನು ಬಾಡಿಯ ಬಣ್ಣವಿಲ್ಲದ ಲೋಹಕ್ಕೆ, ಕೆಂಪನ್ನು ಆಂಪ್‌ನ ಪವರ್ ತುದಿಗೆ ಮುಟ್ಟಿಸಿ. 12 ವೋಲ್ಟ್‌ಗಿಂತ ತುಸು ಹೆಚ್ಚು ತೋರಿಸಬೇಕು. ಎಂಜಿನ್ ಓಡುತ್ತಿದ್ದರೆ 14ರ ಆಸುಪಾಸು. ಸೊನ್ನೆ ಬಂದರೆ ಬ್ಯಾಟರಿ ಪಕ್ಕದ ಫ್ಯೂಸ್ ಹೋಗಿರಬಹುದು. ಹೋದ ಫ್ಯೂಸ್ ಜಾಗಕ್ಕೆ ದೊಡ್ಡದನ್ನು ಹಾಕುವುದು, ತಂತಿ ಸುತ್ತುವುದು ಖಂಡಿತ ಬೇಡ. ವೈರಿಗೇ ಬೆಂಕಿ ಹತ್ತುತ್ತದೆ. ಪವರ್ ಸರಿಯಿದ್ದರೆ ರಿಮೋಟ್ ವೈರ್ (ಆಂಪ್ ಆನ್ ಆಗಲು ಸ್ಟೀರಿಯೊದಿಂದ ಬರುವ ವೈರ್) ಪರೀಕ್ಷಿಸಿ: ಸ್ಟೀರಿಯೊ ಹಾಕಿದಾಗ ಅಲ್ಲೂ 12 ವೋಲ್ಟ್ ಬರಬೇಕು.

ಇನ್ನು ಅರ್ತ್, ಅಂದರೆ ಆಂಪ್‌ನ ಗ್ರೌಂಡ್ ತುದಿಯಿಂದ ಹೊರಟು ಕಾರಿನ ಬಾಡಿಗೆ ಬೋಲ್ಟ್ ಆಗುವ ವೈರ್. ವಾಲ್ಯೂಮ್ ಏರಿಸಿದ ಕೂಡಲೇ ಬೇಸ್ ಕಡಿದುಹೋದರೆ ನನ್ನ ಅನುಮಾನ ಮೊದಲು ಇದರ ಮೇಲೆಯೇ. ಗೆಳೆಯರೊಬ್ಬರ ಕಾರಿನಲ್ಲಿ ಕಾರ್ಪೆಟ್ ಎತ್ತಿದರೆ ಬೋಲ್ಟ್ ಬಿಗಿಯಾಗಿಯೇ ಇತ್ತು. ಬಿಚ್ಚಿದಾಗ ವೈರ್ ತುದಿಯ ಉಂಗುರದ (ರಿಂಗ್ ಟರ್ಮಿನಲ್) ಅಡಿ ಬಿಳಿ ಪೇಂಟ್ ಹಾಗೇ ಇತ್ತು, ಅಂಚಿಗೆ ಕಂದು ತುಕ್ಕು. ಹೀಗೆ ಪರೀಕ್ಷಿಸಿ: ಬೇಸ್ ಜೋರಾಗಿರುವ ಹಾಡು ಹಾಕಿ, ಒಂದು ಕಡ್ಡಿ ಆಂಪ್‌ನ ಗ್ರೌಂಡ್ ತುದಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ (ಉದ್ದನೆಯ ವೈರ್ ಬೇಕಾಗುತ್ತದೆ). 0.1–0.2 ವೋಲ್ಟ್ ಪರವಾಗಿಲ್ಲ. ಅರ್ಧ ವೋಲ್ಟ್ ದಾಟಿದರೆ ಸಂಪರ್ಕ ಕೆಟ್ಟಿದೆ. ಬ್ಯಾಟರಿಯ ನೆಗೆಟಿವ್ ಕಳಚಿ, ಲೋಹ ಫಳಫಳ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿಯಾಗಿ ತಿರುಗಿಸಿ, ಮೇಲೆ ವ್ಯಾಸಲೀನ್ ಸವರಿ. ಅರ್ತ್ ವೈರ್ ಪವರ್ ವೈರಿನಷ್ಟೇ ದಪ್ಪ ಇರಲಿ, ಉದ್ದ 45 ಸೆಂ.ಮೀ. ಮೀರದಿರಲಿ.

ಆಂಪ್‌ನ ಪ್ರೊಟೆಕ್ಟ್ ದೀಪ (ದೋಷ ಕಂಡು ಆಂಪ್ ತನ್ನನ್ನು ತಾನೇ ನಿಲ್ಲಿಸಿಕೊಂಡಿದೆ ಎನ್ನುವ ಸೂಚನೆ) ಉರಿಯುತ್ತಿದ್ದರೆ ಆಂಪ್ ಆಫ್ ಮಾಡಿ ಸ್ಪೀಕರ್ ವೈರ್ ಬಿಚ್ಚಿ, ವೈರ್ ಇಲ್ಲದೆಯೇ ಆಂಪ್ ಮತ್ತೆ ಆನ್ ಮಾಡಿ. ದೀಪ ಆರಿದರೆ ದೋಷ ಸಬ್‌ ಕಡೆಯದು. ಟರ್ಮಿನಲ್‌ನಿಂದ ಹೊರಚಾಚಿದ ಒಂದೇ ಒಂದು ಎಳೆ ಪಕ್ಕದ ತುದಿಗೆ ತಗುಲಿದರೂ ಸಾಕು. ಮೀಟರನ್ನು ಓಮ್‌ಗೆ ತಿರುಗಿಸಿ, ವೈರ್ ಬಿಚ್ಚಿದ ಸಬ್‌ನ ಕಾಯಿಲ್ (ಕೋನ್ ಅಲುಗಿಸುವ ಒಳಗಿನ ತಂತಿಸುರುಳಿ) ಅಳೆದರೆ 4 ಓಮ್‌ನದು ಸುಮಾರು ಮೂರೂವರೆ ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ.

ಎರಡು ಕಾಯಿಲ್‌ನ ಸಬ್‌ನಲ್ಲಿ ಸದ್ದಿದ್ದೂ ಗುದ್ದಿಲ್ಲದಿದ್ದರೆ ಒಂದು ಕಾಯಿಲ್ ಉಲ್ಟಾ ಜೋಡಣೆಯಾಗಿರಬಹುದು. ಎಲ್ಲ ವೈರ್ ಕಳಚಿ, ಒಂದೊಂದು ಕಾಯಿಲ್‌ಗೂ 1.5 ವೋಲ್ಟ್ ಸೆಲ್ಲನ್ನು ಪ್ಲಸ್‌ಗೆ ಪ್ಲಸ್ ಸೇರುವಂತೆ ಕ್ಷಣಕಾಲ ಮುಟ್ಟಿಸಿ, ಕೋನ್ ಮೇಲೆ ಬೆರಳಿಡಿ. ಎರಡು ಸಲವೂ ಅದು ಹೊರಕ್ಕೇ ಚಿಮ್ಮಬೇಕು.