ಓದಿದ ಕಾದಂಬರಿ ಬಗ್ಗೆ ಇದ್ದದ್ದನ್ನು ಇದ್ದಹಾಗೆ ಬರೆಯುವುದು ಹೇಗೆ

ಕನ್ನಡದಲ್ಲಿ ಹೊಸ ಕಾದಂಬರಿಗಳ ಬಗ್ಗೆ ಬರುವ ಬರಹಗಳಲ್ಲಿ ಎರಡು ಜಾತಿ ಹೆಚ್ಚು. ಒಂದು, ಪುಸ್ತಕ ಬಿಡುಗಡೆಯ ವೇದಿಕೆಯಿಂದ ನೇರ ಇಳಿದು ಬಂದಂಥ ಹೊಗಳಿಕೆ. ಇನ್ನೊಂದು, ಕತೆಯನ್ನು ಮೊದಲಿಂದ ಕೊನೆವರೆಗೆ ಒಪ್ಪಿಸಿ, ಕಡೆಗೆ ‘ಲೇಖಕರಿಂದ ಇನ್ನಷ್ಟು ಕೃತಿಗಳು ಬರಲಿ’ ಎಂದು ಹಾರೈಸುವುದು. ಎರಡನ್ನು ಓದಿದರೂ ಆ ಪುಸ್ತಕಕ್ಕೆ ಇನ್ನೂರೈವತ್ತು ರೂಪಾಯಿ ಕೊಡಬೇಕೋ ಬೇಡವೋ ತಿಳಿಯುವುದಿಲ್ಲ. ಹಾಗಂತ ಖಾರವಾಗಿ ಬರೆದ ಮಾತ್ರಕ್ಕೆ ಅಭಿಪ್ರಾಯ ಪ್ರಾಮಾಣಿಕವಾಗುವುದೂ ಇಲ್ಲ. ಓದಿದವರು ‘ನಿಮಗೆ ಹಿಡಿಸದ ಅದೇ ಕಾರಣಕ್ಕೆ ನನಗೆ ಇದು ಹಿಡಿಸಬಹುದು’ ಅನ್ನುವಷ್ಟು ವಿವರ ಅದರಲ್ಲಿರಬೇಕು.

ಪೆನ್ಸಿಲ್ ಹಿಡಿದು ಓದುವುದು

ಕೆಲಸ ಶುರುವಾಗುವುದು ಓದುವಾಗಲೇ. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ (ಗ್ರಂಥಾಲಯದ ಪ್ರತಿಯಾದರೆ ಪುಟಗುರುತಿಗೆ ಇಟ್ಟ ಚೀಟಿಯಲ್ಲಿ) ಮೂರು ಬಗೆಯ ಜಾಗ ಮಾತ್ರ ಗುರುತು ಹಾಕಿಕೊಳ್ಳಿ: ಓದು ತಡೆದ ಜಾಗ, ಹಿಂದಿರುಗಿ ಮತ್ತೊಮ್ಮೆ ಓದಿದ ಜಾಗ, ‘ಇದು ಹೀಗಿರಲಿಕ್ಕೆ ಸಾಧ್ಯವೇ’ ಎಂದು ಅನುಮಾನ ಬಂದ ಜಾಗ. ಪುಟಸಂಖ್ಯೆ, ಮುಂದೆ ನಾಲ್ಕು ಪದ, ಅಷ್ಟೇ. 200 ಪುಟದ ಕಾದಂಬರಿಗೆ ಹತ್ತು ಹನ್ನೆರಡು ಗುರುತು ಸಾಕು. ನಲವತ್ತಾದರೆ ನೀವು ಕತೆ ಓದುತ್ತಿಲ್ಲ, ಉತ್ತರಪತ್ರಿಕೆ ತಿದ್ದುತ್ತಿದ್ದೀರಿ. ಇ-ಪುಸ್ತಕವಾದರೆ ಪುಟ ಪ್ರತಿ ಫೋನಿನಲ್ಲೂ ಬದಲಾಗುತ್ತದೆ, ಅಧ್ಯಾಯದ ಸಂಖ್ಯೆ ಬರೆದುಕೊಳ್ಳಿ.

ಮುನ್ನುಡಿ, ಬೆನ್ನುಡಿ ಎರಡನ್ನೂ ಕೊನೆಗೆ ಓದಿ. ನಮ್ಮಲ್ಲಿ ಮುನ್ನುಡಿಗಳು ಎಂಟು ಹತ್ತು ಪುಟ ಇರುತ್ತವೆ, ಕತೆಯ ಗುಟ್ಟನ್ನೂ ಬಿಟ್ಟುಕೊಡುತ್ತವೆ. ಅದಕ್ಕಿಂತ ದೊಡ್ಡ ತೊಂದರೆ, ಮೊದಲೇ ಓದಿದರೆ ಅದರ ಪದಗಳು ನಿಮ್ಮ ಬಾಯಲ್ಲಿ ಕೂತುಬಿಡುತ್ತವೆ. ಒಂದೇ ಪುಸ್ತಕದ ಬಗ್ಗೆ ಐವರು ಬರೆದದ್ದರಲ್ಲಿ ಒಂದೇ ವಿಶೇಷಣ ಕಾಣುವುದು ಹೀಗೆ. ಮೊದಲೇ ನೋಡಬೇಕಾದ್ದು ಮುದ್ರಣದ ವಿವರವಿರುವ ಪುಟವನ್ನು: ಮೊದಲ ಮುದ್ರಣ ಯಾವ ವರ್ಷ, ಅನುವಾದವೋ ಸ್ವತಂತ್ರವೋ, ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದೋ. ಈ ಕೊನೆಯ ವಿಷಯ ತಿಳಿಯದೆ ಅನೇಕರು ಎಡವುತ್ತಾರೆ. ಧಾರಾವಾಹಿಯಾಗಿ ಬರೆದ ಕಾದಂಬರಿಯಲ್ಲಿ ಅಧ್ಯಾಯಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ, ಪ್ರತಿ ಕೊನೆಯಲ್ಲಿ ‘ಮುಂದೇನು’ ಎಂದು ಕಾಯಿಸುವ ಒಂದು ಕೊಕ್ಕೆ, ಮುಂದಿನದರ ಆರಂಭದಲ್ಲಿ ಹಿಂದಿನ ವಾರದ ನೆನಪು. ಒಟ್ಟಿಗೆ ಓದಿದಾಗ ಇದು ‘ಪುನರಾವರ್ತನೆ’ಯಾಗಿ ಕಾಣುತ್ತದೆ. ದೂರಬಹುದು, ಆದರೆ ಪುಸ್ತಕ ಮಾಡುವಾಗ ಇದನ್ನು ತೆಗೆಯಲಿಲ್ಲ ಅನ್ನುವುದು ಸರಿಯಾದ ದೂರು.

ಓದಿ ಮುಗಿಸಿದ ರಾತ್ರಿಯೇ ಬರೆಯಬೇಡಿ. ಎರಡು ದಿನ ಬಿಟ್ಟು, ಪುಸ್ತಕ ತೆರೆಯದೆ, ಐದು ನಿಮಿಷದಲ್ಲಿ ನೆನಪಿಗೆ ಬಂದ ದೃಶ್ಯಗಳನ್ನೂ ಹೆಸರುಗಳನ್ನೂ ಪಟ್ಟಿ ಮಾಡಿ. ಮುಖ್ಯಪಾತ್ರದ ಹೆಸರೇ ನೆನಪಾಗದಿದ್ದರೆ, ಅಥವಾ ನೆನಪಾದ ದೃಶ್ಯಗಳೆಲ್ಲ ಮೊದಲ ಐವತ್ತು ಪುಟದವೇ ಆಗಿದ್ದರೆ, ನಿಮ್ಮ ಅಭಿಪ್ರಾಯದ ಅರ್ಧ ಅಲ್ಲೇ ಸಿಕ್ಕಿತು.

ತೀರ್ಪನ್ನಲ್ಲ, ಕಂಡದ್ದನ್ನು ಬರೆಯಿರಿ

ಒಂದು ಪುಸ್ತಕಕ್ಕೆ 200ರಿಂದ 250 ಪದ ಹಿತವಾದ ಅಳತೆ. ತಿಂಗಳಲ್ಲಿ ಓದಿದ ನಾಲ್ಕೈದನ್ನು ಒಟ್ಟಿಗೆ ಬರೆದರೂ ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಕತೆಗೆ ಎರಡು ವಾಕ್ಯಕ್ಕಿಂತ ಹೆಚ್ಚು ಕೊಡಬೇಡಿ. ಪುಸ್ತಕದ ಮೊದಲ ಕಾಲುಭಾಗದಲ್ಲಿ ನಡೆಯುವುದನ್ನು ಧಾರಾಳ ಹೇಳಬಹುದು, ಆಚೆಯದು ಓದುಗರ ಪಾಲು. ಉಳಿದ ಜಾಗವೆಲ್ಲ ಕೆಲಸ ಮಾಡಿದ ಒಂದು ಸಂಗತಿ, ಮಾಡದ ಒಂದು ಸಂಗತಿ, ಎರಡಕ್ಕೂ ಪುರಾವೆ.

ಪುರಾವೆ ಅಂದರೆ ಏನು ಅನ್ನುವುದಕ್ಕೆ ಒಂದು ಕಲ್ಪಿತ ಉದಾಹರಣೆ. ‘ಅತ್ತೆಯ ಪಾತ್ರಪೋಷಣೆ ಸಾಲದು’ ಎಂದು ಬರೆದಿರಿ ಎನ್ನಿ. ಇದರಿಂದ ಯಾರಿಗೂ ಏನೂ ತಿಳಿಯದು. ಗುರುತು ಹಾಕಿದ ಪುಟಕ್ಕೆ ಹೋಗಿ ಅಲ್ಲಿ ಏನಾಗುತ್ತದೆಂದು ನೋಡಿ ಬರೆಯಿರಿ: ‘ನೂರು ಪುಟ ಸೊಸೆಗೆ ಕಾಫಿಪುಡಿಯನ್ನೂ ಲೆಕ್ಕ ಹಾಕಿ ಕೊಡುವ ಅತ್ತೆ, ಒಂದು ಕಾಗದ ಓದಿದ್ದೇ ಬೀರುವಿನ ಬೀಗದ ಕೈ ಕೊಟ್ಟುಬಿಡುತ್ತಾಳೆ. ಕಾಗದದಲ್ಲಿ ಏನಿತ್ತು ಎಂದು ನಮಗೆ ತೋರಿಸುವುದಿಲ್ಲ.’ ಈಗ ಓದುಗರಿಗೆ ತಕರಾರೂ ಸಿಕ್ಕಿತು, ಪುಸ್ತಕದ ರುಚಿಯೂ ಸಿಕ್ಕಿತು. ಆ ಕಾಗದವನ್ನು ಮುಚ್ಚಿಟ್ಟದ್ದೇ ಜಾಣತನ ಎಂದು ಒಬ್ಬರಿಗೆ ಅನ್ನಿಸಲೂಬಹುದು, ಅನ್ನಿಸಲಿ.

ಬರೆದಾದ ಮೇಲೆ ಕೆಲವು ಮಾತುಗಳನ್ನು ಹುಡುಕಿ ಕಿತ್ತುಹಾಕಿ: ‘ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ’, ‘ಮಣ್ಣಿನ ವಾಸನೆ’, ‘ಕಾಡುತ್ತದೆ’, ‘ಚಿಂತನೆಗೆ ಹಚ್ಚುತ್ತದೆ’, ‘ಸಂಗ್ರಹಯೋಗ್ಯ’. ಇವು ಯಾವ ಪುಸ್ತಕಕ್ಕೂ ಸಲ್ಲುತ್ತವೆ, ಅದಕ್ಕೇ ಯಾವುದಕ್ಕೂ ಸಲ್ಲುವುದಿಲ್ಲ. ಕಾಡಿದ್ದು ನಿಜವಾದರೆ ಯಾವ ದೃಶ್ಯ ಕಾಡಿತು ಎಂದು ಬರೆಯಿರಿ.

ಯಾವ ಜಾತಿಗೆ ಯಾವ ತಕ್ಕಡಿ

ಪ್ರೇಮಕತೆ ಓದಿ ‘ಕೊನೆಗೆ ಮದುವೆಯಾಗುತ್ತದೆಂದು ಮೊದಲೇ ಗೊತ್ತಾಯಿತು’ ಎಂದು ಗೊಣಗಿದರೆ ಹೋಟೆಲಿಗೆ ಹೋಗಿ ಇಡ್ಲಿ ಬೆಳ್ಳಗಿದೆ ಎಂದು ದೂರಿದಂತೆ. ಅಲ್ಲಿ ಕೇಳಬೇಕಾದ್ದು, ಇಬ್ಬರನ್ನು ದೂರವಿಟ್ಟ ಅಡ್ಡಿ ಎಷ್ಟು ಗಟ್ಟಿ ಎಂದು. ಒಂದು ಫೋನ್ ಕರೆಯಿಂದ ಬಗೆಹರಿಯುವ ತಪ್ಪು ತಿಳಿವಳಿಕೆಯನ್ನು 150 ಪುಟ ಎಳೆದಿದ್ದರೆ ಅದು ನಿಜವಾದ ದೋಷ.

ಪತ್ತೇದಾರಿಯಲ್ಲಿ ನೋಡಬೇಕಾದ್ದು ಆಟ ನ್ಯಾಯವಾಗಿ ನಡೆಯಿತೇ ಎಂದು. ಅಪರಾಧಿ ಯಾರೆಂದು ತಿಳಿದ ಮೇಲೆ ಹಿಂದಕ್ಕೆ ಹೋಗಿ ಸುಳಿವುಗಳನ್ನು ಹುಡುಕಿ. ಕನಿಷ್ಠ ಮೂರು ಪುಟಸಂಖ್ಯೆ ಸಿಗಬೇಕು. ಅಪರಾಧಿ ಕೊನೆಯ ಕಾಲುಭಾಗದಲ್ಲಿ ಮೊದಲ ಸಲ ಕಾಣಿಸಿಕೊಂಡರೆ, ಅಥವಾ ಪತ್ತೇದಾರನಿಗೆ ಮಾತ್ರ ಗೊತ್ತಿದ್ದ ಸಂಗತಿಯಿಂದ ಗಂಟು ಬಿಚ್ಚಿದರೆ, ಓದುಗನಿಗೆ ಮೋಸವಾಯಿತು. ಪೊಲೀಸ್ ಕೆಲಸದ ವಿವರವನ್ನೂ ತೂಗಿ ನೋಡಿ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆಯೊಂದನ್ನೇ ಹಿಡಿದು ನ್ಯಾಯಾಲಯ ಶಿಕ್ಷೆ ಕೊಡುವುದಿಲ್ಲ. ಇನ್ಸ್‌ಪೆಕ್ಟರು ಮೇಜು ಗುದ್ದಿದ ಕೂಡಲೇ ಕೊಲೆಗಾರ ಒಪ್ಪಿಕೊಂಡು ಕತೆ ಮುಗಿಯುವ ಪುಸ್ತಕಗಳೆಲ್ಲ ಇಲ್ಲೇ ಜಾರುತ್ತವೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ, ಕೊಲೆಗೆ ಈಗ ಹಳೆಯ ಭಾರತೀಯ ದಂಡ ಸಂಹಿತೆಯ 302 ಅಲ್ಲ, 103ನೇ ಕಲಂ. ಆದರೆ ಎಚ್ಚರ, 2023ರಲ್ಲಿ ನಡೆದ ಕೊಲೆಯ ಕತೆಗೆ 302 ಎಂದು ಬರೆದದ್ದೇ ಸರಿ. ಇನ್ನೊಂದು ಮಾತು, ‘ಕೊನೆಯ ತಿರುವು ಯಾರೂ ಊಹಿಸಲಾರರು’ ಅಂತಲೂ ಬರೆಯಬೇಡಿ. ತಿರುವಿದೆ ಎಂದು ಗೊತ್ತಾದ ಓದುಗ ಪ್ರತಿ ಪುಟದಲ್ಲೂ ಅದನ್ನೇ ಹುಡುಕುತ್ತಾನೆ, ಒಳ್ಳೆಯ ವ್ಯಕ್ತಿಯಂತೆ ಕಾಣುವವನ ಮೇಲೆಯೇ ಮೊದಲು ಅನುಮಾನಪಡುತ್ತಾನೆ.

ಐತಿಹಾಸಿಕ ಕಾದಂಬರಿಯ ತಪ್ಪುಗಳನ್ನು ಯುದ್ಧರಂಗದಲ್ಲಿ ಹುಡುಕುವವರೇ ಜಾಸ್ತಿ. ಅವು ಸಿಗುವುದು ಅಡುಗೆಮನೆಯಲ್ಲಿ, ಸಂತೆಯಲ್ಲಿ. ವಿಜಯನಗರ ಹುಟ್ಟಿದ 1336ರ ಸುಮಾರಿನ ಕತೆಯಲ್ಲಿ ಯಾರಾದರೂ ಸಾರಿಗೆ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪೆನ್ಸಿಲ್ ಎತ್ತಿಕೊಳ್ಳಿ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ ಮೂರೂ ಅಮೆರಿಕ ಖಂಡದವು, ಯುರೋಪಿಯನ್ನರ ಹಡಗಿನಲ್ಲಿ ಬಂದವು. ವಾಸ್ಕೋ ಡ ಗಾಮ ಕಲ್ಲಿಕೋಟೆ ತಲುಪಿದ್ದೇ 1498ರಲ್ಲಿ. ಅದಕ್ಕೆ ಮೊದಲು ಖಾರವೆಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ತೀರ ಹಳೆಯದಲ್ಲದ ಕತೆಗಳಲ್ಲಿ ದುಡ್ಡು ನೋಡಿ. ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂದದ್ದು 1957ರಲ್ಲಿ. 1940ರ ಹುಡುಗ ಪೆಪ್ಪರಮಿಂಟಿಗೆ ಕೊಡಬೇಕಾದ್ದು ಕಾಸು, ಆಣೆ. 1965ರ ಗುಮಾಸ್ತ ಕೆಲಸ ಮಾಡುವುದು ಮೈಸೂರು ಸರ್ಕಾರದಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು.

ಇಂಥ ಎಡವಟ್ಟು ಒಂದಿದ್ದರೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಕತೆಯೇ ಅದರ ಮೇಲೆ ನಿಂತಿದ್ದರೆ ಮಾತ್ರ ದೊಡ್ಡದು ಮಾಡಿ. ಈ ಜಾತಿಗೆ ‘ಕೊನೆ ಹೇಳಬಾರದು’ ಅನ್ನುವ ನಿಯಮವೂ ಅಷ್ಟಾಗಿ ಹೊಂದುವುದಿಲ್ಲ. ಚಿತ್ರದುರ್ಗ 1779ರಲ್ಲಿ ಹೈದರಾಲಿಯ ವಶವಾಯಿತು, ಕೊಡಗು 1834ರಲ್ಲಿ ಇಂಗ್ಲಿಷರ ಪಾಲಾಯಿತು; ಪುಸ್ತಕ ಕೈಗೆತ್ತಿಕೊಳ್ಳುವವರಿಗೆ ಇದು ಮೊದಲೇ ಗೊತ್ತು. ಕೋಟೆ ಬೀಳುವುದು ಗೊತ್ತಿದ್ದೂ ಬೀಳದಿರಲಿ ಎಂದು ಅನ್ನಿಸಿತೇ? ಅನ್ನಿಸಿದ್ದರೆ ಯಾವ ಪುಟದಲ್ಲಿ? ಅಭಿಪ್ರಾಯದ ತಿರುಳು ಅದೇ.

ಹಳ್ಳಿಯ ಕತೆಗಳಲ್ಲಿ ಮಾತುಗಾರಿಕೆಯನ್ನು ಗಟ್ಟಿಯಾಗಿ ಓದಿ ಪರೀಕ್ಷಿಸಿ. ಧಾರವಾಡದ ಕಡೆಯ ಪಾತ್ರ ‘ಏನ್ ಮಾಡಾಕತ್ತೀರಿ’ ಎಂದು ಶುರುಮಾಡಿ, ದುಃಖ ಬಂದಾಗ ಮಾತ್ರ ಗ್ರಾಂಥಿಕಕ್ಕೆ ಹೊರಳಿದರೆ ಆ ಭಾಷೆ ಮೇಲೆ ಬಳಿದ ಬಣ್ಣ. ಆ ಸೀಮೆಯ ಮಾತು ನಿಮಗೆ ಗೊತ್ತಿಲ್ಲದಿದ್ದರೆ ‘ಸೊಗಡು’ ಎಂಬ ಪದದ ಹತ್ತಿರ ಹೋಗಬೇಡಿ, ಆ ಕಡೆಯವರೊಬ್ಬರಿಗೆ ಎರಡು ಪುಟ ಓದಿ ಹೇಳಿ ಕೇಳಿ.

ವೈಜ್ಞಾನಿಕ ಕತೆಗೆ ಒಂದು ಸುಳ್ಳಿನ ರಿಯಾಯಿತಿ ಉಂಟು. ಎರಡನೆಯದಕ್ಕೆ ಲೆಕ್ಕ ಕೇಳಿ. ಮಂಗಳ ಗ್ರಹಕ್ಕೆ ರೇಡಿಯೊ ಸಂಕೇತ ಹೋಗಲಿಕ್ಕೇ ಸುಮಾರು 3ರಿಂದ 22 ನಿಮಿಷ ಬೇಕು. ಹೀಗಿರುವಾಗ ಅಲ್ಲಿರುವ ಮಗ ಬೆಂಗಳೂರಿನ ಅಮ್ಮನ ಜತೆ ಮಾತಿಗೆ ಮಾತು ಜೋಡಿಸಿದರೆ ಲೇಖಕರು ಒಂದು ಒಳ್ಳೆಯ ದೃಶ್ಯವನ್ನೂ ಕಳೆದುಕೊಂಡರು.

ಅನುವಾದದ ಬಗ್ಗೆ ಬರೆಯುವಾಗ ಅನುವಾದಕರ ಹೆಸರು ಮೊದಲ ಸಾಲಿನಲ್ಲೇ ಬರಲಿ. ಮೂಲ ಓದಿಲ್ಲದಿದ್ದರೆ ‘ಮೂಲಕ್ಕೆ ನಿಷ್ಠವಾಗಿದೆ’ ಎಂದು ಬರೆಯುವುದು ಸುಳ್ಳುಸಾಕ್ಷಿ. ಕನ್ನಡ ಹೇಗಿದೆ ಎಂದಷ್ಟೇ ಹೇಳಿ. ‘ಅವನಿಂದ ಬಾಗಿಲು ತೆರೆಯಲ್ಪಟ್ಟಿತು’ ಎಂಬಂಥ ವಾಕ್ಯ ಹತ್ತು ಪುಟದಲ್ಲಿ ಎಷ್ಟಿವೆ ಎಣಿಸಿ. ಯಾವ ಭಾಷೆಯಲ್ಲಿ ಓದಿದಿರಿ ಎಂಬುದನ್ನೂ ಮುಚ್ಚಿಡಬೇಡಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ‘ಹಾರ್ಟ್ ಲ್ಯಾಂಪ್’, ಬಾನು ಮುಷ್ತಾಕ್ 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ ಆಯ್ದ 12ರ ಇಂಗ್ಲಿಷ್ ರೂಪ. ಆ ಬಹುಮಾನದ 50,000 ಪೌಂಡ್ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು. ಅದನ್ನು ಓದಿ ‘ಕನ್ನಡದ ಭಾಷೆ ಎಷ್ಟು ಚೆಂದ’ ಎಂದು ಬರೆದರೆ ಯಾರ ಭಾಷೆಯನ್ನು ಹೊಗಳಿದಿರಿ? ಕಥಾಸಂಕಲನಗಳಿಗೆ ಮತ್ತೊಂದು ಸೂಚನೆ: ಸರಾಸರಿ ತೆಗೆಯಬೇಡಿ. ಹನ್ನೆರಡರಲ್ಲಿ ಎರಡು ಕತೆ ಅದ್ಭುತವಾಗಿದ್ದರೆ ಅವೆರಡರ ಹೆಸರು ಹೇಳಿ.

ಸಣ್ಣಪುಟ್ಟ ಲೆಕ್ಕಗಳು

ಅಚ್ಚಿನ ತಪ್ಪುಗಳನ್ನು ಲೇಖಕರ ತಲೆಗೆ ಕಟ್ಟಬೇಡಿ. ಇ-ಪುಸ್ತಕಗಳಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುವುದು, ಒತ್ತಕ್ಷರ ಬೇರೆಯಾಗಿ ನಿಂತಿರುವುದು ಸಾಮಾನ್ಯವಾಗಿ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ಆದ ಎಡವಟ್ಟು. ಅದು ಪ್ರಕಾಶಕರಿಗೆ ಹೋಗಬೇಕಾದ ದೂರು.

ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆಯೂ ಬರೆಯಬಹುದು, ಎಷ್ಟನೇ ಪುಟಕ್ಕೆ ಬಿಟ್ಟಿರಿ, ಏಕೆ ಎಂದು ಹೇಳಿದರೆ. ಐವತ್ತು ಪುಟಕ್ಕಿಂತ ಮೊದಲು ಬಿಟ್ಟಿದ್ದರೆ ಸುಮ್ಮನಿರುವುದು ಮರ್ಯಾದೆ. ಬಿಟ್ಟ ಪುಸ್ತಕಕ್ಕೆ ಅಂಕ ಬೇಡ. ನಕ್ಷತ್ರ ಕೊಡುವ ಅಭ್ಯಾಸವಿದ್ದರೆ ಮೂರನ್ನು ‘ಕೊಟ್ಟ ದುಡ್ಡಿಗೆ ಮೋಸವಿಲ್ಲ’ ಎಂದು ಗೊತ್ತುಮಾಡಿಕೊಂಡು ಅಲ್ಲಿಂದ ಮೇಲೆ ಕೆಳಗೆ ಅಳೆಯಿರಿ. ಎಲ್ಲದಕ್ಕೂ ನಾಲ್ಕು ಕೊಡುವವರ ನಾಲ್ಕಕ್ಕೆ ಬೆಲೆಯಿಲ್ಲ.

ಪುಸ್ತಕ ಗೌರವ ಪ್ರತಿಯಾಗಿ ಬಂದಿದ್ದರೆ, ಲೇಖಕರು ಪರಿಚಿತರಾಗಿದ್ದರೆ, ಅದನ್ನು ಕೊನೆಯಲ್ಲಿ ಸಣ್ಣದಾಗಿ ತುರುಕದೆ ಆರಂಭದಲ್ಲೇ ಹೇಳಿ. ಆಪ್ತ ಸ್ನೇಹಿತರ ಪುಸ್ತಕವಾದರೆ ಬರೆಯದಿರುವುದೇ ಲೇಸು: ಹೊಗಳಿದರೆ ಓದುಗ ನಂಬುವುದಿಲ್ಲ, ತೆಗಳಿದರೆ ಮದುವೆಮನೆಯಲ್ಲಿ ಮುಖ ಕೊಟ್ಟು ಮಾತಾಡಲಾಗುವುದಿಲ್ಲ.

ಪ್ರಕಟಿಸಿದ ಮೇಲೆ ಯಾರಾದರೂ ತಪ್ಪು ತೋರಿಸಿದರೆ ಅದು ಮಾಹಿತಿಯ ತಪ್ಪೋ ಅಭಿಪ್ರಾಯಭೇದವೋ ನೋಡಿ. ಮಾಹಿತಿಯ ತಪ್ಪಾದರೆ ತಿದ್ದಿ, ತಿದ್ದಿದ ದಿನಾಂಕ ಹಾಕಿ. ಅಭಿಪ್ರಾಯವನ್ನು ಒತ್ತಾಯಕ್ಕೆ ಬದಲಿಸಬೇಡಿ. ಕನ್ನಡದ ಓದಿನ ಲೋಕ ಸಣ್ಣದು, ಲೇಖಕರೇ ಫೋನ್ ಮಾಡಿ ‘ಎಲ್ಲಿ ಹಾಗೆ ಬರೆದಿದ್ದೇನೆ ತೋರಿಸಿ’ ಎಂದು ಕೇಳುವುದೂ ಉಂಟು. ಪುಟಸಂಖ್ಯೆ ಬರೆದ ಆ ಕೊನೆಯ ಹಾಳೆಯನ್ನು ಅಳಿಸದೆ ಇಟ್ಟುಕೊಂಡಿರಿ.