ಗುರುತಿಲ್ಲದವರ ಹತ್ತಿರ ಹಳೇ ಫೋನ್ ಕೊಳ್ಳೋದು ಹೇಗೆ?

ಮಂಡ್ಯದವರೊಬ್ಬರು ಹಳೇ ಫೋನ್ ಮಾರಲು ಓಎಲ್‌ಎಕ್ಸ್‌ನಲ್ಲಿ ಹಾಕಿದ್ದಾರೆ. ಮೈಸೂರಿನ ಹಾಸ್ಟೆಲ್ ಹುಡುಗನೊಬ್ಬ ಬೇಕು ಅಂತಾನೆ. ಇಬ್ಬರಿಗೂ ಮುಖ ಪರಿಚಯ ಇಲ್ಲ, ಹಾಗಾಗಿ ಅನುಮಾನ ಇದ್ದೇ ಇರುತ್ತದೆ. ಎದುರಿನವರು ತಾವೇ ಪರೀಕ್ಷಿಸಿ ನೋಡುವಂಥದ್ದನ್ನು ಕೊಟ್ಟರೆ ಮಾತ್ರ ಅದು ಕರಗುತ್ತದೆ.

ಮಾರುವವರು ತಾವೇ ತೆಗೆದ ಫೋಟೊ ಹಾಕಲಿ. ಗೀರು, ಬಿರುಕು ಇದ್ದರೆ ಅದನ್ನೂ ತೋರಿಸಲಿ. ಕೊಳ್ಳುವವರು ಇವತ್ತಿನ ಪೇಪರ್ ಪಕ್ಕ ಫೋನ್ ಇಟ್ಟು ತೆಗೆದ ಫೋಟೊ ಕೇಳಬಹುದು. ವಸ್ತು ನಿಜಕ್ಕೂ ಕೈಯಲ್ಲಿದ್ದವರಿಗೆ ಇದು ಎರಡು ನಿಮಿಷದ ಕೆಲಸ.

ಭೇಟಿ ಹಗಲಿನಲ್ಲೇ ಇರಲಿ. ಮೈಸೂರಿನ ಪುರಭವನದ ಮುಂದೆ, ಮಂಡ್ಯದ ಬಸ್ ನಿಲ್ದಾಣದಲ್ಲಿ, ಹೀಗೆ ಜನ ಇರುವ ಕಡೆ. ಜೊತೆಗೆ ಒಬ್ಬ ಸ್ನೇಹಿತ ಇದ್ದರೆ ಒಳ್ಳೆಯದು. "ನಾನು ಸೇನೆಯಲ್ಲಿದ್ದೀನಿ, ಬರೋಕಾಗಲ್ಲ, ಪಾರ್ಸೆಲ್ ಕಳಿಸ್ತೀನಿ" ಅಂದರೆ ಅಲ್ಲಿಗೇ ಬಿಡಿ. ಸೈನಿಕರ ಹೆಸರು ಹೇಳಿ ಮೋಸ ಮಾಡುವುದು ಹಳೇ ಚಾಳಿ.

ಭೇಟಿಯಾದಾಗ ಫೋನಿನಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ KYM ಎಂದು ಬರೆದು, ಜಾಗ ಬಿಟ್ಟು ಆ ಅಂಕಿ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಆ್ಯಪ್‌ನಲ್ಲೂ ನೋಡಬಹುದು. ಬ್ಲ್ಯಾಕ್‌ಲಿಸ್ಟ್ ಅಥವಾ ಡೂಪ್ಲಿಕೇಟ್ ಅಂತ ಬಂದರೆ, ಎಷ್ಟೇ ಅಗ್ಗವಿದ್ದರೂ ಬೇಡ. ಬಿಲ್, ಬಾಕ್ಸ್ ಮೇಲಿನ ಅಂಕಿಯೂ ಒಂದೇ ಇರಬೇಕು. ಮಾರುವವರು ತಮ್ಮ ಗೂಗಲ್ ಖಾತೆಯನ್ನು ನಿಮ್ಮೆದುರೇ ಫೋನಿನಿಂದ ತೆಗೆದುಹಾಕಿ, ಆಮೇಲೆ ರೀಸೆಟ್ ಮಾಡಲಿ. ಇಲ್ಲದಿದ್ದರೆ ಫೋನ್ ಲಾಕ್ ಆಗಿ ಸುಮ್ನೆ ಕೂತುಬಿಡುತ್ತದೆ.

ಜಾಸ್ತಿ ಎಚ್ಚರ ಬೇಕಿರುವುದು ಹಣದಲ್ಲಿ. ನನ್ನ ಪ್ರಕಾರ ಅಡ್ವಾನ್ಸ್ ಕೇಳುವುದೂ ಬೇಡ, ಕೊಡುವುದೂ ಬೇಡ. ವಸ್ತು ನೋಡಿದ ಮೇಲೆ ಯುಪಿಐನಲ್ಲಿ ಮೊದಲು ಒಂದು ರೂಪಾಯಿ ಕಳಿಸಿ. ಆಗ ಬ್ಯಾಂಕಿನಲ್ಲಿರುವ ಹೆಸರು ಕಾಣಿಸುತ್ತದೆ. ಅದು ಅವರು ಹೇಳಿದ ಹೆಸರೇನಾ ಅಂತ ನೋಡಿ, ಉಳಿದದ್ದು ಕಳಿಸಿ. ಮಾರುವವರಿಗೂ ಒಂದು ಮಾತು: ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ಹಣ ಬರುತ್ತೆ ಅಂತ ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡೇ. "ಹಣ ಹಾಕಿದೀನಿ" ಎಂದು ಸ್ಕ್ರೀನ್‌ಶಾಟ್ ತೋರಿಸಿದರೆ ಸಾಲದು. ಅದನ್ನು ಯಾರು ಬೇಕಾದರೂ ತಯಾರಿಸಬಹುದು, ಅಲ್ವಾ? ನಿಮ್ಮ ಖಾತೆಯ ಬ್ಯಾಲೆನ್ಸ್ ನೋಡಿಯೇ ಫೋನ್ ಕೊಡಿ. ಆತುರಪಡಿಸುವವರಿಗೆ "ಐದು ನಿಮಿಷ ತಾಳಿ" ಎನ್ನಲು ಸಂಕೋಚ ಬೇಡ. ಒಳ್ಳೆಯವರು ತಾಳುತ್ತಾರೆ.

ಕೊನೆಗೆ ಐಎಂಇಐ, ಬೆಲೆ, ತಾರೀಖು ಬರೆದ ಚೀಟಿಗೆ ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.

ಅಕಸ್ಮಾತ್ ಮೋಸ ಹೋದರೆ ನಾಚಿಕೆಯಿಂದ ಸುಮ್ಮನಿರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಮೋಸಗಾರನ ಖಾತೆಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಹಣ ಕಳಿಸಿದ ವಿವರದಲ್ಲಿ ಕಾಣುವ ಯುಟಿಆರ್ (ಆ ವ್ಯವಹಾರದ ಗುರುತಿನ ಸಂಖ್ಯೆ) ಕೈಯಲ್ಲಿಟ್ಟುಕೊಂಡು ಮಾತಾಡಿ.