ಫ್ಲ್ಯಾಟೋ, ಅಂಗಡಿಯೋ: ಬಾಡಿಗೆಯ ಲೆಕ್ಕದಿಂದ ಹೊರಟ ಒಂದು ಖರೀದಿ

ಬ್ಯಾಂಕುಗಳಿಗಾಗಿ ಆಸ್ತಿಗಳ ಮೌಲ್ಯಮಾಪನ ಮಾಡುವುದು ನನ್ನ ಕಸುಬು. ಫ್ಲ್ಯಾಟಿಗೆ ಬೆಲೆ ಕಟ್ಟುವಾಗ ಅದೇ ಆಸುಪಾಸಿನಲ್ಲಿ ಈಚೆಗೆ ನಡೆದ ಮಾರಾಟಗಳನ್ನು ನೋಡುತ್ತೇನೆ. ಅಂಗಡಿಗೋ ಕಚೇರಿಗೋ ಬೆಲೆ ಕಟ್ಟುವಾಗ ಅದು ತರುವ ಬಾಡಿಗೆಯಿಂದ ಲೆಕ್ಕ ಶುರುಮಾಡುತ್ತೇನೆ. 2025ರ ಕೊನೆಯ ತಿಂಗಳುಗಳಲ್ಲಿ, ಶಿವಮೊಗ್ಗದಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾದ ನನ್ನ ಅಕ್ಕ ಒಂದು ಕೋಟಿಯೊಳಗಿನ ಹಣವನ್ನು ಬೆಂಗಳೂರಿನಲ್ಲಿ ಹೂಡಬೇಕೆಂದು ಹೊರಟಾಗ, ಈ ಎರಡು ಕ್ರಮಗಳನ್ನು ಒಟ್ಟಿಗೆ ಬಳಸಬೇಕಾಯಿತು. ಅವಳ ಮುಂದಿದ್ದುದು ಎರಡು ಆಯ್ಕೆ: ಹೊಸೂರು ರಸ್ತೆಯ ಕಡೆ ಬಿಲ್ಡರ್ ಬಳಿ ಮಾರಾಟವಾಗದೆ ಉಳಿದಿದ್ದ ಎರಡು ಕೋಣೆಯ ಫ್ಲ್ಯಾಟ್, ಇಲ್ಲವೇ ಜನಜಂಗುಳಿಯ ರಸ್ತೆಯೊಂದರಲ್ಲಿ ನೆಲಮಹಡಿಯ ಸಣ್ಣ ಅಂಗಡಿ.

ಫ್ಲ್ಯಾಟಿನ ಬೆಲೆ 78 ಲಕ್ಷ ರೂಪಾಯಿ. ಸೂಪರ್ ಬಿಲ್ಟ್‌ಅಪ್ (ಲಿಫ್ಟು, ಮೆಟ್ಟಿಲುಗಳಂಥ ಸಾಮೂಹಿಕ ಜಾಗದ ಪಾಲೂ ಸೇರಿದ ಅಳತೆ) 1,180 ಚದರಡಿ ಎಂದು ಹೇಳಿದ್ದರಿಂದ ಚದರಡಿಗೆ 6,600 ರೂಪಾಯಿಯ ಹತ್ತಿರ ಬೀಳುತ್ತಿತ್ತು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಂದು ಇಷ್ಟು ವರ್ಷವಾದರೂ ಬಾಯಿಮಾತಿನ ವ್ಯವಹಾರ ಇಂದಿಗೂ ಸೂಪರ್ ಬಿಲ್ಟ್‌ಅಪ್‌ ಲೆಕ್ಕದಲ್ಲೇ ನಡೆಯುತ್ತದೆ. ನಾನು ಲೇಸರ್ ಮೀಟರ್ ಹಿಡಿದು ಗೋಡೆಯಿಂದ ಗೋಡೆಗೆ ಅಳೆದೆ. ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗದಲ್ಲಿ, ಒಳಗೋಡೆಗಳು ಸೇರುತ್ತವೆ. ಹೊರಗೋಡೆ, ಬಾಲ್ಕನಿ, ಪೈಪುಗಳು ಹೋಗುವ ಶಾಫ್ಟ್ ಸೇರುವುದಿಲ್ಲ. ಹಾಗೆ ಅಳೆದಾಗ ಸಿಕ್ಕಿದ್ದು 790 ಚದರಡಿ. ಕಾಲಿಡಲು ಸಿಗುವ ಜಾಗಕ್ಕೆ ದರ ಚದರಡಿಗೆ 9,870 ರೂಪಾಯಿ. ಲಿಫ್ಟು, ಮೆಟ್ಟಿಲು, ಕ್ಲಬ್ ಹೌಸುಗಳ ಪಾಲು ಹೊಸ ಕಟ್ಟಡಗಳಲ್ಲಿ ಹಿಗ್ಗುತ್ತಲೇ ಹೋಗಿರುವುದರಿಂದ, ಹೊಸದನ್ನೂ ಹಳೆಯದನ್ನೂ ಹೋಲಿಸುವವರು ಈ ಅಳತೆ ಮಾಡದೆ ಮುಂದೆ ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನು ಬಾಡಿಗೆ. ಅದೇ ಕಟ್ಟಡದಲ್ಲಿ ಅಂಥದ್ದೇ ಫ್ಲ್ಯಾಟುಗಳು ತಿಂಗಳಿಗೆ 24,000 ರೂಪಾಯಿಗೆ ಹೋಗುತ್ತಿದ್ದವು, ಅಂದರೆ ವರ್ಷಕ್ಕೆ 2.88 ಲಕ್ಷ. ನಿರ್ವಹಣಾ ಶುಲ್ಕ, ಆಸ್ತಿ ತೆರಿಗೆ, ವರ್ಷದಲ್ಲಿ ಒಂದು ತಿಂಗಳು ಖಾಲಿ ಬೀಳುವ ಸಾಧ್ಯತೆ, ಇವುಗಳನ್ನು ಕಳೆದರೆ ಕೈಗೆ ಬರುವುದು ಎರಡು ಲಕ್ಷದ ಮೇಲೆ ಸ್ವಲ್ಪ. ಬೆಲೆಯ ಮೇಲಿನ ಖರ್ಚನ್ನೂ ಸೇರಿಸಬೇಕು: 45 ಲಕ್ಷಕ್ಕೆ ಮೇಲ್ಪಟ್ಟ ಆಸ್ತಿಗೆ ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜು ಸೇರಿ ಶೇ 5.6 ಆಗುತ್ತದೆ, ನೋಂದಣಿ ಶುಲ್ಕವನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿಸಿದ್ದರಿಂದ ಒಟ್ಟು ಶೇ 7.6. ಹೀಗೆ 78 ಲಕ್ಷದ ಫ್ಲ್ಯಾಟು ಸುಮಾರು 84 ಲಕ್ಷಕ್ಕೆ ಬಂದು ನಿಲ್ಲುತ್ತದೆ, ನಿವ್ವಳ ಆದಾಯ ನೂರಕ್ಕೆ ಎರಡೂವರೆ. ಕಟ್ಟಡ ಪೂರ್ಣಗೊಂಡು ವಾಸಕ್ಕೆ ಯೋಗ್ಯವೆಂಬ ಸ್ವಾಧೀನಾನುಭವ ಪತ್ರ (ಓಸಿ) ಬಂದಿದ್ದರಿಂದ ಜಿಎಸ್‌ಟಿ ಇರಲಿಲ್ಲ. ಕಟ್ಟುತ್ತಿರುವ ಫ್ಲ್ಯಾಟಾಗಿದ್ದರೆ ಅದರ ಮೇಲೆ ಇನ್ನೂ ಶೇ 5 ಬೀಳುತ್ತಿತ್ತು.

ಇಷ್ಟು ಕಡಿಮೆ ಆದಾಯಕ್ಕೆ ಜನ ಏಕೆ ಕೊಳ್ಳುತ್ತಾರೆಂದರೆ, ಕೊಳ್ಳುವವರಲ್ಲಿ ಹೆಚ್ಚಿನವರು ಬಾಡಿಗೆಗಾಗಿ ಕೊಳ್ಳುವುದಿಲ್ಲ, ತಾವಿರುವುದಕ್ಕೆ ಕೊಳ್ಳುತ್ತಾರೆ. 2022ರಲ್ಲಿ ಕಚೇರಿಗಳು ನೌಕರರನ್ನು ಮರಳಿ ಕರೆದಾಗ ಬೆಂಗಳೂರಿನ ಬಾಡಿಗೆ ಒಮ್ಮೆಲೇ ಏರಿತು. ಆ ಏರಿಕೆಯಿಂದ ಬೇಸತ್ತವರೇ ಮುಂದೆ ಖರೀದಿದಾರರಾದರು. ರಿಸರ್ವ್ ಬ್ಯಾಂಕ್, ಗೃಹಸಾಲದ ಬಡ್ಡಿಯ ಏರಿಳಿತಕ್ಕೆ ಕಾರಣವಾಗುವ ರೆಪೊ ದರವನ್ನು 2025ರ ಫೆಬ್ರವರಿಯಿಂದ ಜೂನ್‌ವರೆಗೆ ಶೇ 6.5ರಿಂದ 5.5ಕ್ಕೆ ಇಳಿಸಿದ್ದು ಅವರ ಧೈರ್ಯಕ್ಕೆ ಇನ್ನಷ್ಟು ಇಂಬು ಕೊಟ್ಟಿತು.

ಮೆಟ್ರೊದ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ 19.15 ಕಿಲೋಮೀಟರಿನ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ನಾನು ಆ ಪ್ರದೇಶದ ಆಸ್ತಿಗಳ ಋಣಭಾರ ಪತ್ರಗಳನ್ನು (ನೋಂದಣಿಯಾದ ಮಾರಾಟ, ಅಡಮಾನಗಳ ದಾಖಲೆ) ವರ್ಷಗಳಿಂದ ನೋಡುತ್ತ ಬಂದವನು. ಕಂಬಗಳು ಎದ್ದಾಗಲೇ ಮಾರುವವರು ಬೆಲೆ ಏರಿಸಿದ್ದರು, ಬಾಡಿಗೆ ಮಾತ್ರ ರೈಲು ಓಡುವವರೆಗೆ ಕಾದಿತ್ತು. ಆದ್ದರಿಂದ ‘ಮೆಟ್ರೊ ಬಂತಲ್ಲ ಸಾರ್, ಇನ್ನು ರೇಟು ನೋಡಿ’ ಎಂದು ಮಧ್ಯವರ್ತಿಯೊಬ್ಬರು ಹೇಳಿದಾಗ ನಾನು ಮರುಮಾತಾಡಲಿಲ್ಲ. ಅವರು ಹೇಳುತ್ತಿದ್ದ ಏರಿಕೆಗೆ ಖರೀದಿದಾರರು ಆಗಲೇ ಹಣ ತೆತ್ತಾಗಿತ್ತು.

ಅಂಗಡಿಯ ಕಡೆ ಅಕ್ಕನಿಗೆ ಒಲವಿತ್ತು. ‘ಮನೆಗಿಂತ ಅಂಗಡಿಯೇ ವಾಸಿ ಅಲ್ಲವೇನೋ?’ ಎಂದು ಅವಳು ಕೇಳಿದ್ದರಲ್ಲಿ ಲೆಕ್ಕದ ಮಟ್ಟಿಗೆ ತಪ್ಪೇನೂ ಇರಲಿಲ್ಲ. ಬೆಲೆ 90 ಲಕ್ಷ, ಬಾಡಿಗೆ ತಿಂಗಳಿಗೆ 50,000 ರೂಪಾಯಿ, ವರ್ಷಕ್ಕೆ ಶೇ 5ರ ಏರಿಕೆ. ಖರ್ಚೆಲ್ಲ ಕಳೆದರೂ ನಿವ್ವಳ ಆದಾಯ ನೂರಕ್ಕೆ ಐದರ ಮೇಲೆ, ಫ್ಲ್ಯಾಟಿನ ಎರಡರಷ್ಟು. ಕರಾರುಪತ್ರ ನೋಡಿ ಸುಮ್ಮನಾಗದೆ, ಬಾಡಿಗೆ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ಪುಟಗಳನ್ನು ಕೇಳಿ ಪಡೆದೆ. ಮಾರುವ ಮುನ್ನ ಹೆಚ್ಚಿನ ಬಾಡಿಗೆ ತೋರಿಸುವ ಕರಾರುಗಳನ್ನು ಸಾಕಷ್ಟು ಕಂಡಿದ್ದೇನೆ. ಇಲ್ಲಿ ಬಾಡಿಗೆ ನಿಜವಾಗಿತ್ತು.

ಆದರೆ ಅಂಗಡಿಯ ಬೆಲೆ ನಿಂತಿರುವುದು ಬಾಡಿಗೆದಾರನ ವ್ಯಾಪಾರದ ಮೇಲೆ. ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸುವ ಆ್ಯಪ್ ಕಂಪನಿಗಳು ಬಡಾವಣೆಗಳ ಒಳರಸ್ತೆಗಳಲ್ಲಿ ಗೋದಾಮು ಹಿಡಿಯತೊಡಗಿದ ಮೇಲೆ, ಮುಖ್ಯರಸ್ತೆಯಲ್ಲಿರುವುದೊಂದೇ ಕಾರಣಕ್ಕೆ ಹೆಚ್ಚು ಬಾಡಿಗೆ ಎಂಬ ಹಳೆಯ ನಿಯಮ ಸಡಿಲಗೊಂಡಿದೆ. ಕ್ಷೌರದಂಗಡಿ, ದಂತವೈದ್ಯರ ಕ್ಲಿನಿಕ್, ದರ್ಶಿನಿ ಹೋಟೆಲು ಇವುಗಳಿಗೆ ಗಿರಾಕಿ ನಡೆದೇ ಬರಬೇಕು. ಈ ಅಂಗಡಿಯಲ್ಲಿದ್ದುದು ಮೊಬೈಲ್ ಕವರು, ಚಾರ್ಜರುಗಳ ವ್ಯಾಪಾರ. ಅದೇ ಸಾಲಿನ ಮೊದಲ ಮಹಡಿಯಲ್ಲಿ ‘ಬಾಡಿಗೆಗಿದೆ’ ಬೋರ್ಡುಗಳು ಬಣ್ಣ ಮಾಸುವಷ್ಟು ಹಳೆಯದಾಗಿದ್ದವು.

ಆದರೂ ನಾನು ಬೇಡವೆಂದದ್ದು ಇದಕ್ಕಲ್ಲ. ಮಂಜೂರಾದ ನಕ್ಷೆಯನ್ನು ತರಿಸಿ ಸ್ಥಳದಲ್ಲಿ ಹಿಡಿದು ನೋಡಿದಾಗ, ಈ ಅಂಗಡಿಯೂ ಇದ್ದ ಹಿಂಬದಿಯ ಸಾಲು ನಕ್ಷೆಯಲ್ಲಿ ವಾಹನ ನಿಲುಗಡೆಯ ಜಾಗವಾಗಿತ್ತು. ಕಂಬಗಳ ಅಂತರವೇ ಅದನ್ನು ಹೇಳುತ್ತಿತ್ತು: ಎರಡು ಕಾರುಗಳಿಗೆ ಬಿಟ್ಟ ಅಗಲದ ನಡುವೆ ತೆಳುಗೋಡೆ ಎತ್ತಿ ಎರಡು ಅಂಗಡಿ ಮಾಡಿದ್ದರು. ತೆರಿಗೆ ಕಟ್ಟಿದ ರಶೀದಿ, ವಾಣಿಜ್ಯ ದರದ ವಿದ್ಯುತ್ ಬಿಲ್ಲು ಎಲ್ಲ ಇದ್ದವು. ಆದರೆ ರಶೀದಿಯಿಂದ ಅಕ್ರಮ ಸಕ್ರಮವಾಗುವುದಿಲ್ಲ. ನಾನು ಬ್ಯಾಂಕಿಗೆ ಶಿಫಾರಸು ಮಾಡದ ಆಸ್ತಿಯನ್ನು ಅಕ್ಕನಿಗೆ ಕೊಡಿಸುವುದು ಸಾಧ್ಯವಿರಲಿಲ್ಲ.

ಆಮೇಲೆ ನಾವು ಹಣವನ್ನು ಎರಡು ಪಾಲು ಮಾಡಿದೆವು. ಆ ಹಳದಿ ಮಾರ್ಗದ ಮೆಟ್ರೊ ನಿಲ್ದಾಣವೊಂದಕ್ಕೆ ನಡೆದು ಹೋಗುವಷ್ಟು ದೂರದಲ್ಲಿ, ಹಳೆಯ ಅಪಾರ್ಟ್‌ಮೆಂಟಿನ ಮರುಮಾರಾಟದ ಫ್ಲ್ಯಾಟೊಂದು 70 ಲಕ್ಷಕ್ಕೆ ಬಂದಿತ್ತು. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಅದೇ ಕಟ್ಟಡದ ಇತರ ಫ್ಲ್ಯಾಟುಗಳ ಋಣಭಾರ ಪತ್ರ ತೆಗೆದರೆ, ಪ್ರತಿ ಕ್ರಯಪತ್ರದ ಪ್ರತಿಫಲದ ಮೊತ್ತ, ಅಂದರೆ ಪತ್ರದಲ್ಲಿ ಬರೆಸಿದ ಬೆಲೆ, ಕಾಣುತ್ತದೆ. 2023ರ ಅಕ್ಟೋಬರಿನಲ್ಲಿ ನೋಂದಣಿಗಾಗಿ ಸರ್ಕಾರ ನಿಗದಿ ಮಾಡುವ ಮಾರ್ಗಸೂಚಿ ಬೆಲೆ ಏರಿದ ಮೇಲೆ ಕಾಗದದ ಬೆಲೆಗೂ ನಿಜದ ಬೆಲೆಗೂ ಇದ್ದ ಅಂತರ ಅನೇಕ ಕಡೆ ಕುಗ್ಗಿರುವುದರಿಂದ ಈ ಮೊತ್ತಗಳು ಈಗ ಹೆಚ್ಚು ನಂಬಲರ್ಹ. ಅವುಗಳನ್ನು ಮುಂದಿಟ್ಟು ಮಾತಾಡಿ 64 ಲಕ್ಷಕ್ಕೆ ಮುಗಿಸಿದೆವು. ಕಾರ್ಪೆಟ್ 810 ಚದರಡಿ. ದರ 7,900 ರೂಪಾಯಿ.

ಫ್ಲ್ಯಾಟ್ ಮಾಲೀಕರ ಸಂಘದ ಕಚೇರಿಯಲ್ಲಿ ನಾನು ಮೊದಲು ಕೇಳಿದ್ದು 2024ರ ಮಾರ್ಚ್, ಏಪ್ರಿಲ್ ತಿಂಗಳುಗಳ ಟ್ಯಾಂಕರ್ ನೀರಿನ ಬಿಲ್ಲುಗಳನ್ನು. ಊರಿಗೆ ಊರೇ ನೀರಿಲ್ಲದೆ ಒದ್ದಾಡಿದ ಆ ಬೇಸಿಗೆಯ ಖರ್ಚು ನೋಡಿದರೆ ಕಟ್ಟಡದ ಕೊಳವೆಬಾವಿಯ ಯೋಗ್ಯತೆ ತಿಳಿಯುತ್ತದೆ. ಇಲ್ಲಿ ಖರ್ಚು ಏರಿತ್ತಾದರೂ ಸಂಘ ಹೆಚ್ಚುವರಿ ವಂತಿಗೆ ಎತ್ತಿರಲಿಲ್ಲ. ಆಸ್ತಿಯ ಡಿಜಿಟಲ್ ಖಾತೆಯಾದ ಇ-ಖಾತಾ ಸಿದ್ಧವಿತ್ತು, 2024ರ ಅಕ್ಟೋಬರಿನಿಂದ ಅದಿಲ್ಲದೆ ನೋಂದಣಿಯೇ ಇಲ್ಲ. ಬೆಲೆ 50 ಲಕ್ಷ ದಾಟಿದ್ದರಿಂದ ಮಾರಾಟಗಾರರಿಗೆ ಕೊಡುವ ಹಣದಲ್ಲಿ ಶೇ 1ರಷ್ಟು, ಅಂದರೆ 64,000 ರೂಪಾಯಿ, ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಎಂದು ಹಿಡಿದು, ಖರೀದಿದಾರಳಾದ ಅಕ್ಕನ ಕಡೆಯಿಂದಲೇ ಸರ್ಕಾರಕ್ಕೆ ಕಟ್ಟಿದೆವು.

ಉಳಿದ ಹಣದಲ್ಲಿ ಒಂದು ಭಾಗವನ್ನು ಕಚೇರಿ ಕಟ್ಟಡಗಳ ರೀಟ್ (ಹಲವರ ಹಣ ಕೂಡಿಸಿ ಕಟ್ಟಡಗಳಲ್ಲಿ ಹೂಡಿ ಬಾಡಿಗೆ ಹಂಚುವ ನಿಧಿ) ಘಟಕಗಳಿಗೆ ಹಾಕಿಸಿದೆ. ದೇಶದ ಮೊದಲ ರೀಟ್ ಆದ ಎಂಬೆಸಿ ಆಫೀಸ್ ಪಾರ್ಕ್ಸ್ 2019ರ ಏಪ್ರಿಲ್ 1ರಂದು ಷೇರುಪೇಟೆಗೆ ಬಂತು. ಈಗ ಇಂಥವು ಹಲವು ಇವೆ. ರೀಟ್‌ಗಳು ಹಣದ ಶೇ 80ರಷ್ಟನ್ನಾದರೂ ಪೂರ್ಣಗೊಂಡು ಬಾಡಿಗೆ ತರುತ್ತಿರುವ ಕಟ್ಟಡಗಳಲ್ಲಿ ಇಡಬೇಕು, ಹಂಚಬಹುದಾದ ನಿವ್ವಳ ನಗದಿನಲ್ಲಿ ಶೇ 90ರಷ್ಟನ್ನಾದರೂ ಹೂಡಿಕೆದಾರರಿಗೆ ಹಂಚಬೇಕು. ವಿದೇಶಿ ಕಂಪನಿಗಳು ತಮ್ಮದೇ ಕೇಂದ್ರಗಳನ್ನು ಬೆಂಗಳೂರಿನಲ್ಲಿ ತೆರೆಯುತ್ತಿರುವ ಈ ಕಾಲದಲ್ಲಿ ವಾಣಿಜ್ಯ ಆಸ್ತಿಯ ಬಾಡಿಗೆ ಅಕ್ಕನಂಥವರಿಗೆ ಮುಟ್ಟಲು ಇದಕ್ಕಿಂತ ಸಲೀಸಾದ ದಾರಿ ನನಗೆ ಕಾಣಲಿಲ್ಲ. ಘಟಕದ ಬೆಲೆ ಷೇರುಪೇಟೆಯೊಂದಿಗೆ ಏರಿಳಿಯುತ್ತದೆ ಎಂಬುದನ್ನು ಅವಳಿಗೆ ಮೊದಲೇ ಬಿಡಿಸಿ ಹೇಳಿದ್ದೆ.

ಫ್ಲ್ಯಾಟು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ದಂಪತಿಗೆ 23,000 ರೂಪಾಯಿಗೆ ಹೋಯಿತು. ಖರ್ಚು ಕಳೆದು ನಿವ್ವಳ ಆದಾಯ ನೂರಕ್ಕೆ ಮೂರರ ಹತ್ತಿರ. ಮುಂದೆ ಅಕ್ಕನೇ ಬಂದು ಇರುವ ಯೋಚನೆಯಲ್ಲಿರುವುದರಿಂದ ಕರಾರನ್ನು ಹನ್ನೊಂದು ತಿಂಗಳಿಗಷ್ಟೇ ಬರೆಸಿದ್ದೇವೆ, ಮನೆ ಬಿಡಲು ಎರಡೂ ಕಡೆಯವರು ಎರಡು ತಿಂಗಳ ಮುಂಚೆ ತಿಳಿಸಬೇಕೆಂಬ ಷರತ್ತನ್ನೂ ಸೇರಿಸಿದ್ದೇವೆ.